ಸೋತ ಹಾಡುಗಳಿಗೆ ಕುಣಿದವರು

ನಾರ್ದರ್ನ್ ಸೋಲ್ ಎಂಬ ಹೆಸರಿನಲ್ಲಿ ಯಾವ ಸಂಗೀತಗಾರನೂ ಒಂದೇ ಒಂದು ಹಾಡು ಕಟ್ಟಲಿಲ್ಲ. ಹಾಡಿದವರಿಗೆ ಆ ಹೆಸರು ಗೊತ್ತಿರಲಿಲ್ಲ, ನುಡಿಸಿದವರಿಗೂ ಗೊತ್ತಿರಲಿಲ್ಲ. ರೆಕಾರ್ಡ್ ಮಾಡಿದ ಕಂಪನಿಗಳಿಗಂತೂ ಆ ಹಾಡುಗಳೇ ಮರೆತುಹೋಗಿದ್ದವು. 1960ರ ದಶಕದ ನಡುಭಾಗದಲ್ಲಿ ಅಮೆರಿಕದ ಡೆಟ್ರಾಯಿಟ್, ಶಿಕಾಗೊ, ಫಿಲಡೆಲ್ಫಿಯಾಗಳಲ್ಲಿ ಹೆಚ್ಚಾಗಿ ಕಪ್ಪು ಗಾಯಕರು ಹಾಡಿದ, ಅಲ್ಲಿ ಕೊಳ್ಳುವವರಿಲ್ಲದೆ ಗೋದಾಮು ಸೇರಿದ, ಸೋಲ್ ಎಂಬ ಸಂಗೀತದ ರೆಕಾರ್ಡುಗಳವು. ಕೆಲವು ವರ್ಷ ಕಳೆದ ಮೇಲೆ ಇಂಗ್ಲೆಂಡಿನ ಉತ್ತರ ಭಾಗದ ಗಿರಣಿ, ಗಣಿ ಊರುಗಳ ಹುಡುಗ ಹುಡುಗಿಯರು ಅವನ್ನು ಹೆಕ್ಕಿ ತಂದು, ಧೂಳು ಒರೆಸಿ, ರಾತ್ರಿಯಿಡೀ ಕುಣಿದರು. ಆಮೇಲೆ ಹೆಸರು ಬಂತು. ಸಂಗೀತದ ಚರಿತ್ರೆಯಲ್ಲಿ ಒಂದು ಪ್ರಕಾರವನ್ನು ಕೇಳುಗರೇ ಹುಟ್ಟಿಸಿದ ಉದಾಹರಣೆ ಇಷ್ಟು ನಿಚ್ಚಳವಾಗಿ ಇನ್ನೊಂದು ಸಿಗುವುದು ಕಷ್ಟ.

ಅಭಿಮಾನ ಅಂದರೆ ನಮ್ಮ ಕಣ್ಣಿಗೆ ಬರುವುದು ಕಟೌಟ್, ಹಾಲಿನ ಅಭಿಷೇಕ, ಮೊದಲ ದಿನದ ಮೊದಲ ಆಟ. ಅಭಿಮಾನಿ ಸಂಘ ಇದೆ ಅಂದಮೇಲೆ ನಡುವೆ ಒಬ್ಬ ನಾಯಕ ಇರಲೇಬೇಕು. ಈ ಇಂಗ್ಲಿಷ್ ಹುಡುಗರ ಅಭಿಮಾನಕ್ಕೆ ನಾಯಕನೇ ಇರಲಿಲ್ಲ. ತಾವು ಕುಣಿಯುತ್ತಿದ್ದ ಹಾಡಿನ ಗಾಯಕ ಬದುಕಿದ್ದಾನೋ ಇಲ್ಲವೋ, ನೋಡಲು ಹೇಗಿದ್ದಾನೆ, ಕಪ್ಪೋ ಬಿಳಿಯೋ ಎಂಬುದು ಎಷ್ಟೋ ಸಲ ಅವರಿಗೆ ತಿಳಿದಿರಲಿಲ್ಲ. ಅವರ ಕೈಯಲ್ಲಿದ್ದದ್ದು ಏಳಂಗುಲದ ಒಂದು ತಟ್ಟೆ, ಅದರ ನಡುವೆ ಒಂದು ಬಣ್ಣದ ಕಾಗದ, ಎರಡೂವರೆ ನಿಮಿಷದ ಸದ್ದು.

ಈ ಸದ್ದು ಎಲ್ಲಿಂದ ಬಂತು ಎನ್ನುವುದಕ್ಕೆ ಡೆಟ್ರಾಯಿಟ್‌ಗೆ ಹೋಗಬೇಕು. ಲಿಂಕನ್-ಮರ್ಕ್ಯುರಿ ಕಾರು ಕಾರ್ಖಾನೆಯಲ್ಲಿ ದುಡಿದಿದ್ದ ಬೆರಿ ಗಾರ್ಡಿ 1959ರಲ್ಲಿ ಮನೆಯವರಿಂದ 800 ಡಾಲರ್ ಸಾಲ ಪಡೆದು ರೆಕಾರ್ಡ್ ಕಂಪನಿಯೊಂದನ್ನು ಶುರುಮಾಡಿದರು. ಅದೇ ಮುಂದೆ ಮೋಟೌನ್ ಆಯಿತು. ವೆಸ್ಟ್ ಗ್ರ್ಯಾಂಡ್ ಬುಲೆವಾರ್ಡ್ ರಸ್ತೆಯ ಮನೆಯೊಂದೇ ಕಚೇರಿ, ಅದೇ ಸ್ಟುಡಿಯೋ. ಕಾರು ಜೋಡಣೆಯ ಸಾಲಿನಲ್ಲಿ ಕಂಡದ್ದನ್ನು ಗಾರ್ಡಿ ಹಾಡಿಗೂ ತಂದರು. ಬರೆಯುವವರು ಒಂದು ಕಡೆ, ನುಡಿಸುವವರು ಒಂದು ಕಡೆ, ಗಾಯಕರಿಗೆ ನಡೆನುಡಿ ಕಲಿಸುವವರು ಇನ್ನೊಂದು ಕಡೆ. ಸಿದ್ಧವಾದ ಹಾಡನ್ನು ಬಿಡುಗಡೆ ಮಾಡಬೇಕೋ ಬೇಡವೋ ಎಂದು ತೀರ್ಮಾನಿಸಲು ವಾರಕ್ಕೊಂದು ಸಭೆ. ಸುಪ್ರೀಮ್ಸ್, ಫೋರ್ ಟಾಪ್ಸ್, ಟೆಂಪ್ಟೇಷನ್ಸ್ ಎಲ್ಲ ಈ ಮನೆಯಿಂದಲೇ ಹೊರಬಂದವರು.

ಆ ಹಾಡುಗಳ ಗುಟ್ಟು ತಾಳದಲ್ಲಿತ್ತು. ಪಾಪ್ ಹಾಡುಗಳಲ್ಲಿ ಸಾಮಾನ್ಯವಾಗಿ ಎರಡನೆಯ ಮತ್ತು ನಾಲ್ಕನೆಯ ಪೆಟ್ಟಿಗೆ ಸ್ನೇರ್ ಡ್ರಮ್ ಬೀಳುತ್ತದೆ. ಮೋಟೌನ್‌ನ ಎಷ್ಟೋ ಹಾಡುಗಳಲ್ಲಿ ನಾಲ್ಕೂ ಪೆಟ್ಟಿಗೆ ಬೀಳುತ್ತದೆ, ಜೊತೆಗೆ ಟ್ಯಾಂಬರಿನ್ ಬೇರೆ. ಕಾಲು ಎಲ್ಲಿಡಬೇಕು ಎಂದು ಯೋಚಿಸುವ ಅಗತ್ಯವೇ ಇಲ್ಲ. ಅದರ ಮೇಲೆ ಜೇಮ್ಸ್ ಜೇಮರ್ಸನ್ ಅವರ ಬೇಸ್ ಗಿಟಾರ್ ತನ್ನದೇ ದಾರಿಯಲ್ಲಿ ಓಡಾಡುತ್ತಿರುತ್ತದೆ, ಅದರ ಮೇಲೆ ವಯಲಿನ್‌ಗಳು, ಎಲ್ಲಕ್ಕಿಂತ ಮೇಲೆ ಚರ್ಚಿನಲ್ಲಿ ಪಳಗಿದ ಕಂಠ. ಹಾಡಿನ ಮಾತು ಹೆಚ್ಚಿನಂಶ ದುಃಖದ್ದು: ಬಿಟ್ಟುಹೋದವಳು, ಬಾರದವನು, ಮಳೆ, ಕಾಯುವಿಕೆ. ತಾಳ ಮಾತ್ರ ಸಂಭ್ರಮದ್ದು. ಅಳುತ್ತ ಕುಣಿಯಬಹುದಾದ ಹಾಡು ಎಂದರೆ ತಪ್ಪಲ್ಲ.

ಮೋಟೌನ್ ಗೆದ್ದದ್ದೇ ತಡ, ಅದರಂತೆ ಹಾಡು ಮಾಡಲು ನೂರಾರು ಸಣ್ಣ ಕಂಪನಿಗಳು ಹುಟ್ಟಿಕೊಂಡವು. ಡೆಟ್ರಾಯಿಟ್‌ನಲ್ಲೇ ರಿಕ್-ಟಿಕ್, ಗೋಲ್ಡನ್ ವರ್ಲ್ಡ್‌ನಂಥವು ಇದ್ದವು. ಇವನ್ನು ನಕಲಿ ಎಂದು ತಳ್ಳಿಹಾಕುವ ಹಾಗಿಲ್ಲ. ಮೋಟೌನ್‌ನ ವಾದ್ಯಗಾರರಿಗೆ ಅಲ್ಲಿನ ಸಂಬಳ ಸಾಲುತ್ತಿರಲಿಲ್ಲ, ರೆಕಾರ್ಡಿನ ಮೇಲೆ ಹೆಸರೂ ಬರುತ್ತಿರಲಿಲ್ಲ. ಹೀಗಾಗಿ ರಾತ್ರಿ ಕದ್ದು ಬೇರೆ ಕಂಪನಿಗಳಿಗೆ ನುಡಿಸಿ ಬರುತ್ತಿದ್ದರು. ಸಿಕ್ಕಿಬಿದ್ದರೆ ಗಾರ್ಡಿ ದಂಡ ಹಾಕುತ್ತಿದ್ದರು. ಎಡ್ವಿನ್ ಸ್ಟಾರ್ ರಿಕ್-ಟಿಕ್‌ಗೆ ಹಾಡಿದ ಮೊದಲ ಹಾಡುಗಳಲ್ಲಿ ಕೇಳಿಸುವುದು ಇದೇ ಕಳ್ಳಗೈಗಳು. ಬೆರಳುಗಳು ಅವೇ, ಊರು ಅದೇ, ಹುರುಪೂ ಅದೇ. ಇಲ್ಲದೇ ಇದ್ದದ್ದು ಹಣ ಮಾತ್ರ. ರೇಡಿಯೋದವರ ಕೈ ಬೆಚ್ಚಗೆ ಮಾಡಲು, ಊರೂರಿಗೆ ರೆಕಾರ್ಡ್ ಸಾಗಿಸಲು ಸಣ್ಣವರಲ್ಲಿ ಕಾಸಿರಲಿಲ್ಲ. ಕೆಲವು ನೂರು ಪ್ರತಿ ಒತ್ತಿಸಿ, ಸ್ಥಳೀಯ ರೇಡಿಯೋದಲ್ಲಿ ನಾಲ್ಕು ದಿನ ಕೇಳಿಸಿ, ಅಲ್ಲಿಗೆ ಮುಗಿಯುತ್ತಿತ್ತು. 1960ರ ದಶಕದ ಕೊನೆಗೆ ಅಮೆರಿಕದ ಕಪ್ಪು ಕೇಳುಗರೇ ಜೇಮ್ಸ್ ಬ್ರೌನ್ ಅವರ ಫಂಕ್ ಕಡೆಗೆ ಹೊರಳಿದ್ದರು. ಹಳೆಯ ತಾಳ ಹಳತಾಗಿಯೇಬಿಟ್ಟಿತು.

ಉತ್ತರ ಇಂಗ್ಲೆಂಡಿನಲ್ಲಿ ಹಾಗಾಗಲಿಲ್ಲ. ಮ್ಯಾಂಚೆಸ್ಟರ್‌ನಲ್ಲಿ 1963ರಲ್ಲಿ ಟ್ವಿಸ್ಟೆಡ್ ವೀಲ್ ಎಂಬ ಕ್ಲಬ್ ತೆರೆಯಿತು. ಮದ್ಯ ಇಲ್ಲ, ಕಾಫಿ ಮತ್ತು ತಂಪು ಪಾನೀಯ ಮಾತ್ರ. ಶನಿವಾರ ರಾತ್ರಿ ಶುರುವಾದರೆ ಭಾನುವಾರ ಬೆಳಗಿನತನಕ ಅಮೆರಿಕದ ಕಪ್ಪು ಸಂಗೀತ. ಲಂಡನ್ನಿನ ಹುಡುಗರು ಕೂದಲು ಬೆಳೆಸಿಕೊಂಡು ಸೈಕೆಡೆಲಿಕ್ ರಾಕ್ ಕೇಳತೊಡಗಿದಾಗ ಇಲ್ಲಿಯವರು ಅದಕ್ಕೆ ಸೊಪ್ಪು ಹಾಕಲಿಲ್ಲ. ನೆಲದ ಮೇಲೆ ಕೂತು ಇಪ್ಪತ್ತು ನಿಮಿಷದ ಗಿಟಾರ್ ಕೇಳಲು ವಾರವಿಡೀ ಯಂತ್ರದ ಮುಂದೆ ನಿಂತವರಿಗೆ ವ್ಯವಧಾನ ಎಲ್ಲಿಂದ ಬರಬೇಕು? ಅವರಿಗೆ ಕುಣಿಯಬೇಕಿತ್ತು.

ಹೆಸರು ಬಂದದ್ದು ಲಂಡನ್ನಿನಿಂದ ಎನ್ನುವುದೊಂದು ತಮಾಷೆ. ಡೇವ್ ಗೋಡಿನ್ ಎಂಬ ಬರಹಗಾರ ಅಲ್ಲಿ ಸೋಲ್ ಸಿಟಿ ಎಂಬ ರೆಕಾರ್ಡ್ ಅಂಗಡಿ ನಡೆಸುತ್ತಿದ್ದರು. ಫುಟ್‌ಬಾಲ್ ಪಂದ್ಯಕ್ಕೆಂದು ಉತ್ತರದಿಂದ ಬಂದವರು ಅಂಗಡಿಗೆ ನುಗ್ಗಿದರೆ ಹೊಸ ಫಂಕ್ ಅವರಿಗೆ ಬೇಡ, ಹಳೆಯ ಮೋಟೌನ್ ಥರದ್ದೇ ಬೇಕು. ಇಂಥವರು ಬಂದಾಗ ಹೊಸದು ಹಾಕಿ ಹೊತ್ತು ಕಳೆಯಬೇಡಿ, ಉತ್ತರದ ಸೋಲ್ ಹಾಕಿ ಎಂದು ಗೋಡಿನ್ ಅಂಗಡಿಯ ಹುಡುಗರಿಗೆ ಹೇಳಿಕೊಟ್ಟರು. 1970ರಲ್ಲಿ ಟ್ವಿಸ್ಟೆಡ್ ವೀಲ್ ನೋಡಿಬಂದು ‘ಬ್ಲೂಸ್ ಅಂಡ್ ಸೋಲ್’ ಪತ್ರಿಕೆಯ ತಮ್ಮ ಅಂಕಣದಲ್ಲಿ ಅದೇ ಹೆಸರನ್ನು ಅಚ್ಚು ಮಾಡಿಸಿದರು. ಗೋಡಿನ್ ಬರೀ ಅಂಗಡಿಯವರಲ್ಲ. ಡಾರ್ಟ್‌ಫರ್ಡ್ ಶಾಲೆಯಲ್ಲಿದ್ದಾಗ ಮಿಕ್ ಜ್ಯಾಗರ್‌ಗೆ ಕಪ್ಪು ಸಂಗೀತದ ರುಚಿ ಹತ್ತಿಸಿದವರಲ್ಲಿ ಅವರೂ ಒಬ್ಬರು. ಆ ಹುಡುಗ ಮುಂದೆ ರೋಲಿಂಗ್ ಸ್ಟೋನ್ಸ್ ಕಟ್ಟಿ ಅದೇ ಸಂಗೀತದಿಂದ ಜಗತ್ತನ್ನು ಗೆದ್ದ. ಗೋಡಿನ್ ಬ್ರಿಟನ್ನಿನಲ್ಲಿ ಮೋಟೌನ್ ಅಭಿಮಾನಿಗಳ ಸಂಘ ಕಟ್ಟಿದರು. ಬೆರಿ ಗಾರ್ಡಿಯೇ ಗೋಡಿನ್ ಅವರನ್ನು ಡೆಟ್ರಾಯಿಟ್‌ಗೆ ಕರೆಸಿಕೊಂಡರು. 1965ರಲ್ಲಿ ಬ್ರಿಟನ್ನಿನಲ್ಲಿ ಟ್ಯಾಮ್ಲಾ ಮೋಟೌನ್ ಎಂಬ ಪ್ರತ್ಯೇಕ ಲೇಬಲ್ ಬಂದದ್ದರ ಹಿಂದೆ ಈ ಅಭಿಮಾನಿಯ ಒತ್ತಾಯವಿತ್ತು.

ಟ್ವಿಸ್ಟೆಡ್ ವೀಲ್ 1971ರಲ್ಲಿ ಮುಚ್ಚಿತು. ಸ್ಟೋಕ್ ಹತ್ತಿರದ ಗೋಲ್ಡನ್ ಟಾರ್ಚ್ ಎಂಬ ಕ್ಲಬ್ ಅಲ್ಪಕಾಲ ಉರಿಯಿತು. 1973ರ ಸೆಪ್ಟೆಂಬರ್ 23ರ ನಡುರಾತ್ರಿ ಕಳೆದು ಎರಡು ಗಂಟೆಗೆ ವಿಗನ್ ಕ್ಯಾಸಿನೊದ ಬಾಗಿಲು ತೆರೆಯಿತು. ಅಲ್ಲಿ ಜೂಜೂ ಇಲ್ಲ, ಮದ್ಯವೂ ಇಲ್ಲ. ಎಂಪ್ರೆಸ್ ಬಾಲ್‌ರೂಮ್ ಎಂಬ ಹಳೆಯ ನೃತ್ಯಶಾಲೆ ಅದು. ವಿಗನ್ ಎಂದರೆ ಕಲ್ಲಿದ್ದಲು ಮತ್ತು ಹತ್ತಿಗಿರಣಿ, ಜಾರ್ಜ್ ಆರ್ವೆಲ್ 1930ರ ದಶಕದಲ್ಲಿ ಬಡತನದ ಬಗ್ಗೆ ಬರೆಯಲು ಹುಡುಕಿಕೊಂಡು ಹೋದ ಊರು. 1970ರ ದಶಕದಲ್ಲಿ ಆ ಕಸುಬುಗಳೂ ಕುಸಿಯುತ್ತಿದ್ದವು. ಇಂಥ ಊರಿಗೆ ಶನಿವಾರ ರಾತ್ರಿ ಸ್ಕಾಟ್ಲೆಂಡಿನಿಂದ, ಯಾರ್ಕ್‌ಷೈರ್‌ನಿಂದ, ಮಿಡ್‌ಲ್ಯಾಂಡ್ಸ್‌ನಿಂದ ರೈಲು, ಕೋಚ್, ಕೈತೋರಿಸಿ ನಿಲ್ಲಿಸಿದ ಲಾರಿ ಹತ್ತಿ ಹುಡುಗರು ಬರುತ್ತಿದ್ದರು. ಬೆಳಗಿನವರೆಗೆ ಬಯಲಾಟ ನೋಡಿ, ಅದೇ ಕಣ್ಣಲ್ಲಿ ಗದ್ದೆಗೆ ಹೋದವರನ್ನು ಕಂಡ ನಮ್ಮ ಕರಾವಳಿಯವರಿಗೆ ಇದು ವಿಚಿತ್ರ ಅನಿಸಲಾರದು.

ಕೈಯಲ್ಲೊಂದು ಕ್ರೀಡಾಪಟುವಿನ ಚೀಲ. ಅದರಲ್ಲಿ ಬದಲಾಯಿಸಲು ಬಟ್ಟೆ, ಟವೆಲ್, ಟಾಲ್ಕಂ ಪೌಡರ್ ಡಬ್ಬಿ. ಪೌಡರ್ ಮೈಗಲ್ಲ, ನೆಲಕ್ಕೆ. ಚರ್ಮದ ಅಟ್ಟೆಯ ಶೂ ಮರದ ನೆಲದ ಮೇಲೆ ಜಾರಬೇಕಲ್ಲ. ಅಗಲ ಕಾಲಿನ ಪ್ಯಾಂಟು, ಬೆವರಿಗೆ ಹೊಂದುವ ಸಡಿಲ ಅಂಗಿ, ಚೀಲದ ಮೇಲೆ ಹೊಲಿದ ಕ್ಲಬ್ಬುಗಳ ಬಟ್ಟೆ ಬ್ಯಾಡ್ಜುಗಳು. ಎಲ್ಲಕ್ಕಿಂತ ಹೆಚ್ಚು ಕಾಣುತ್ತಿದ್ದುದು ಬಿಗಿದ ಕಪ್ಪು ಮುಷ್ಟಿಯ ಚಿತ್ರ. ಅಮೆರಿಕದ ಕಪ್ಪು ಜನರ ಹೋರಾಟದ ಗುರುತನ್ನೇ ಈ ಬಿಳಿ ಹುಡುಗರು ತಮ್ಮದಾಗಿಸಿಕೊಂಡಿದ್ದರು. ಕುಣಿತವೂ ಜೋಡಿ ಕುಣಿತವಲ್ಲ. ಒಬ್ಬೊಬ್ಬರೇ, ಪಕ್ಕಕ್ಕೆ ಜಾರುತ್ತ, ಗಿರ್ರನೆ ತಿರುಗುತ್ತ, ಹಿಂದಕ್ಕೆ ಬಿದ್ದು ಕೈಯೂರಿ ಎದ್ದು ಮತ್ತೆ ತಾಳ ಹಿಡಿಯುವುದು. ಹಾಡಿನಲ್ಲಿ ಒಂದು ನಿರ್ದಿಷ್ಟ ಜಾಗಕ್ಕೆ ಬಂದಾಗ ಇಡೀ ಸಭಾಂಗಣ ಒಟ್ಟಿಗೆ ಚಪ್ಪಾಳೆ ತಟ್ಟುತ್ತಿತ್ತು. ಅಷ್ಟು ಜನ ಒಂದೇ ಗಳಿಗೆಗೆ ಒಂದೇ ಚಪ್ಪಾಳೆ ತಟ್ಟಬೇಕಾದರೆ ಎಲ್ಲರಿಗೂ ಆ ಹಾಡು ಎಷ್ಟು ಬಾಯಿಪಾಠವಾಗಿರಬೇಕು ಯೋಚಿಸಿ.

ಟೋನಿ ಪಾಮರ್ 1977ರಲ್ಲಿ ಗ್ರನಾಡಾ ಟೆಲಿವಿಷನ್‌ಗಾಗಿ ಇದರ ಸಾಕ್ಷ್ಯಚಿತ್ರ ತೆಗೆದರು. ಕುಣಿಯುವ ಮೈಗಳ ನಡುನಡುವೆ ಗಿರಣಿಯ, ಗಣಿಯ ಹಳೆಯ ದೃಶ್ಯಗಳನ್ನು ಸೇರಿಸಿದರು. ಮಾಲೀಕರಿಗೆ ದುಡಿದು ದಣಿದ ಮೈ ತನಗಾಗಿ ದಣಿಯುವುದನ್ನು ಅಷ್ಟು ಚೆನ್ನಾಗಿ ತೋರಿಸಿದ ಚಿತ್ರವನ್ನು ನಾನು ಬೇರೆ ನೋಡಿಲ್ಲ. ಆದರೆ ಎಲ್ಲರಿಗೂ ಬೆಳಗಿನ ಎಂಟರವರೆಗೆ ಬರೀ ಹಾಡಿನ ಬಲದಿಂದ ಕುಣಿಯಲಾಗುತ್ತಿತ್ತು ಎಂದು ನಂಬುವುದು ಬೇಡ. ಆಂಫೆಟಮಿನ್ ಮಾತ್ರೆಗಳು ಈ ರಾತ್ರಿಗಳ ಜೊತೆಗೇ ಇದ್ದವು. ಔಷಧಿ ಅಂಗಡಿಗಳ ಬೀಗ ಒಡೆಯುವುದೂ ನಡೆಯುತ್ತಿತ್ತು, ಪೊಲೀಸರ ಕಣ್ಣು ಸದಾ ಈ ಕ್ಲಬ್ಬುಗಳ ಮೇಲಿತ್ತು. ಹಳೆಯ ನೆನಪು ಹೇಳುವವರು ಈ ಭಾಗವನ್ನು ಹಾರಿಸಿಬಿಡುತ್ತಾರೆ. ಜೈಲಿಗೆ ಹೋದವರೂ ಸತ್ತವರೂ ಆ ನೆನಪಿನ ಒಳಗೇ ಇದ್ದಾರೆ.

ಪ್ರತಿ ರಾತ್ರಿಯೂ ಮುಗಿಯುತ್ತಿದ್ದುದು ಒಂದೇ ರೀತಿ. ಎಂಟು ಗಂಟೆಗೆ ಮೊದಲು ಮೂರು ಹಾಡು: ಜಿಮ್ಮಿ ರಾಡ್‌ಕ್ಲಿಫ್, ಟೋಬಿ ಲೆಜೆಂಡ್, ಡೀನ್ ಪ್ಯಾರಿಶ್ ಅವರವು, ಅದೇ ಮೂರು. ಆ ಮೂವರ ಹೆಸರು ಅಮೆರಿಕದಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತೋ. ವಿಗನ್‌ನಲ್ಲಿ ಆ ಹಾಡುಗಳು ಮಂಗಳದ ಹಾಡುಗಳಾಗಿದ್ದವು.

ಇಷ್ಟು ಹಾಡುಗಳು ಸಿಗುತ್ತಿದ್ದುದಾದರೂ ಎಲ್ಲಿಂದ? ಇಲ್ಲಿ ಅಭಿಮಾನಿ ಸಂಶೋಧಕನಾಗುತ್ತಾನೆ. ಬ್ಲ್ಯಾಕ್‌ಪೂಲ್ ಊರಿನ ಮೆಕ್ಕಾ ಎಂಬ ಕ್ಲಬ್ಬಿನ ಡಿಜೆ ಇಯಾನ್ ಲೆವೀನ್ ಅವರ ಮನೆಯವರು ರಜೆಗೆ ಮಯಾಮಿಗೆ ಹೋಗುತ್ತಿದ್ದರು. ಮಗ ಕಡಲತೀರ ಬಿಟ್ಟು ಅಲ್ಲಿನ ಹಳೆಯ ಅಂಗಡಿಗಳಲ್ಲಿ ರೆಕಾರ್ಡಿನ ರಾಶಿ ಜಾಲಾಡುತ್ತಿದ್ದರು. ಕಿಂಗ್ಸ್ ಲಿನ್ ಊರಿನಲ್ಲಿ ಜಾನ್ ಆಂಡರ್ಸನ್ ನಡೆಸುತ್ತಿದ್ದ ಸೋಲ್ ಬೌಲ್ ಎಂಬ ವ್ಯಾಪಾರದ ಮೂಲಕ ಅಮೆರಿಕದ ಗೋದಾಮುಗಳ ಸರಕು ಸಗಟಾಗಿ ಹಡಗೇರಿ ಬರುತ್ತಿತ್ತು. ಒಂದು ತಟ್ಟೆ ಕೇಳಿ, ಒಂದು ಪಕ್ಕಕ್ಕಿಟ್ಟು, ಸಾವಿರ ತಟ್ಟೆಯಲ್ಲಿ ಒಂದು ಕುಣಿಯುವ ಹಾಡನ್ನು ಹುಡುಕುವ ಕೆಲಸವದು. ಎಷ್ಟೋ ಸಲ ಬೇಕಾದ ಹಾಡು ಮುಂಬದಿಯಲ್ಲಿ ಇರುತ್ತಲೇ ಇರಲಿಲ್ಲ. ಕಂಪನಿ ಬೇಡವೆಂದು ಹಿಂಬದಿಗೆ ಹಾಕಿದ್ದೇ ಇವರಿಗೆ ಬೇಕಾದದ್ದು.

1973ರಲ್ಲಿ ರಿಚರ್ಡ್ ಸರ್ಲಿಂಗ್ ಎಂಬ ಡಿಜೆ ಅಮೆರಿಕಕ್ಕೆ ಹೋದಾಗ ಕೊಂಡ ತಟ್ಟೆಯೊಂದರ ಹಿಂಬದಿಯಲ್ಲಿ ಗ್ಲೋರಿಯಾ ಜೋನ್ಸ್ ಹಾಡಿದ ‘ಟೇಂಟೆಡ್ ಲವ್’ ಇತ್ತು. ಬರೆದವರು ಎಡ್ ಕಾಬ್. ಬೋಸ್ಟನ್ ಜನ ಇಂದಿಗೂ ಬೇಸ್‌ಬಾಲ್ ಪಂದ್ಯ ಗೆದ್ದಾಗ ಹಾಕಿಕೊಳ್ಳುವ ‘ಡರ್ಟಿ ವಾಟರ್’ ಎಂಬ ರಾಕ್ ಹಾಡನ್ನು ಸ್ಟ್ಯಾಂಡೆಲ್ಸ್ ತಂಡಕ್ಕೆ ಬರೆದುಕೊಟ್ಟವರೂ ಅವರೇ. ರಾಕ್ ಬೇರೆ, ಸೋಲ್ ಬೇರೆ ಎಂಬ ಗೋಡೆ ಅಂಗಡಿಯ ಕಪಾಟಿನಲ್ಲಿದ್ದಷ್ಟು ಗಟ್ಟಿಯಾಗಿ ಸ್ಟುಡಿಯೋಗಳಲ್ಲಿ ಇರಲಿಲ್ಲ. ‘ಟೇಂಟೆಡ್ ಲವ್’ 1965ರಲ್ಲಿ ಎಲ್ಲೂ ಓಡದೆ ಬಿದ್ದಿತ್ತು. ಸರ್ಲಿಂಗ್ ಅದನ್ನು ಮೊದಲು ಬೋಲ್ಟನ್‌ನ ಕ್ಲಬ್ಬಿನಲ್ಲಿ, ಆಮೇಲೆ ವಿಗನ್‌ನಲ್ಲಿ ಹಾಕಿದರು. ಬ್ಲ್ಯಾಕ್‌ಪೂಲ್‌ನಲ್ಲಿ ಬೆಳೆದ ಡೇವ್ ಬಾಲ್‌ಗೆ ಈ ಲೋಕದ ಹಾಡುಗಳು ಚೆನ್ನಾಗಿ ಗೊತ್ತಿದ್ದವು. 1981ರಲ್ಲಿ ಅವರೂ ಮಾರ್ಕ್ ಆಲ್ಮಂಡ್ ಅವರೂ ಸೇರಿ ಸಾಫ್ಟ್ ಸೆಲ್ ಹೆಸರಿನಲ್ಲಿ ಅದನ್ನು ಸಿಂಥಸೈಜರ್‌ನಲ್ಲಿ ಮತ್ತೆ ಹಾಡಿದರು. ಬ್ರಿಟನ್ನಿನಲ್ಲಿ ಮೊದಲ ಸ್ಥಾನ, ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 43 ವಾರ. ಹುಟ್ಟಿದೂರಿನಲ್ಲಿ ಯಾರೂ ತಿರುಗಿ ನೋಡದ ಹಾಡು ಅಭಿಮಾನಿಗಳ ಕಾಲ ಮೇಲೆ ಸುತ್ತಿ ಹದಿನಾರು ವರ್ಷದ ನಂತರ ಹುಟ್ಟಿದೂರಿಗೆ ವಾಪಸು ಹೋಯಿತು. ಸಾಫ್ಟ್ ಸೆಲ್‌ನವರು ಆ ರೆಕಾರ್ಡಿನ ಹಿಂಬದಿಗೂ ಸುಪ್ರೀಮ್ಸ್‌ನ ಹಳೆಯ ಹಾಡನ್ನೇ ಹಾಕಿದ್ದರಿಂದ ರಚನೆಯ ಗೌರವಧನದಲ್ಲಿ ಅವರಿಗೆ ಬಿಡಿಗಾಸೂ ಬರಲಿಲ್ಲ. ಹಿಂಬದಿಗೆ ಸ್ವಂತದ್ದೊಂದು ಹಾಕಿದ್ದರೆ ಅವರೂ ಸಿರಿವಂತರಾಗುತ್ತಿದ್ದರು.

ಇಲ್ಲಿಯವರೆಗೆ ಹೇಳಿದ್ದು ಹಂಚಿಕೊಳ್ಳುವ ಕಥೆ. ಇದಕ್ಕೊಂದು ಬಚ್ಚಿಡುವ ಮುಖವೂ ಇದೆ, ನನಗೆ ಹೆಚ್ಚು ಕುತೂಹಲ ಅದರಲ್ಲೇ.

ಒಬ್ಬ ಡಿಜೆಯ ಹತ್ತಿರ ಇನ್ನಾರಲ್ಲೂ ಇಲ್ಲದ ಹಾಡಿದೆ ಎಂದುಕೊಳ್ಳಿ. ಅದನ್ನು ಕೇಳಲು ಜನ ನೂರು ಮೈಲಿ ದೂರದಿಂದ ಬರುತ್ತಾರೆ. ಹಾಡಿನ ಹೆಸರು ಬಯಲಾದರೆ ಪಕ್ಕದೂರಿನ ಡಿಜೆಯೂ ಹುಡುಕಿ ತರುತ್ತಾನೆ. ಅದಕ್ಕೆ ಅವರು ಕಂಡುಕೊಂಡ ಉಪಾಯ, ತಟ್ಟೆಯ ನಡುವಿನ ಲೇಬಲ್ ಮೇಲೆ ಬಿಳಿ ಕಾಗದ ಅಂಟಿಸಿ ಸುಳ್ಳು ಹೆಸರು ಹೇಳುವುದು. ಜಮೈಕಾದ ಸೌಂಡ್ ಸಿಸ್ಟಂಗಳ ಯಜಮಾನರೂ ಇದೇ ಆಟ ಆಡುತ್ತಿದ್ದರು. ಸಾವಿರಾರು ಜನ ಆ ಹಾಡಿಗೆ ಕುಣಿಯುತ್ತಾರೆ, ಅದನ್ನು ಪ್ರೀತಿಸುತ್ತಾರೆ, ಹಾಡಿದವರ ನಿಜವಾದ ಹೆಸರು ಮಾತ್ರ ಅವರಿಗೆ ಸಿಗುವುದಿಲ್ಲ. ಅಮೆರಿಕದಲ್ಲಿ ಹೆಸರೇ ಬಾರದೆ ಸೋತ ಗಾಯಕನ ಹೆಸರನ್ನು ಅವನ ಅತಿ ದೊಡ್ಡ ಅಭಿಮಾನಿಯೇ ಎರಡನೆಯ ಸಲ ಅಳಿಸಿದಂತಾಯಿತು.

ಫ್ರ್ಯಾಂಕ್ ವಿಲ್ಸನ್ ಅವರ ಹಾಡಿನ ಕಥೆ ಇದರ ತುತ್ತತುದಿ. ಮೋಟೌನ್‌ನಲ್ಲಿ ಹಾಡು ಬರೆಯುತ್ತಿದ್ದ ವಿಲ್ಸನ್ 1965ರಲ್ಲಿ ‘ಡೂ ಐ ಲವ್ ಯು’ ಹಾಡಿದರು. ರೇಡಿಯೋಗಳಿಗೆ ಕಳಿಸಲು ಸುಮಾರು 250 ಮಾದರಿ ಪ್ರತಿಗಳನ್ನು ಒತ್ತಿಸಲಾಗಿತ್ತು. ವಿಲ್ಸನ್ ಗಾಯಕರಾಗಿಯಲ್ಲ, ನಿರ್ಮಾಪಕರಾಗಿ ಮುಂದುವರಿಯುವುದು ಎಂದಾಯಿತು. ಬಿಡುಗಡೆ ನಿಂತುಹೋಯಿತು, ಪ್ರತಿಗಳನ್ನು ನಾಶ ಮಾಡಲಾಯಿತು. ವಿಲ್ಸನ್‌ಗೆ ಅದರಿಂದ ಕೇಡೇನೂ ಆಗಲಿಲ್ಲ. ಮುಂದೆ ಸುಪ್ರೀಮ್ಸ್, ಫೋರ್ ಟಾಪ್ಸ್, ಎಡ್ಡಿ ಕೆಂಡ್ರಿಕ್ಸ್ ಅವರಿಗೆ ದೊಡ್ಡ ಹಾಡುಗಳನ್ನು ಮಾಡಿಕೊಟ್ಟರು, ಆಮೇಲೆ ಧರ್ಮಬೋಧಕರಾದರು. ಆದರೆ ಒಂದೆರಡು ಪ್ರತಿ ಹೇಗೋ ಉಳಿದಿದ್ದವು. 1970ರ ದಶಕದ ಕೊನೆಯಲ್ಲಿ ಅವುಗಳಲ್ಲೊಂದು ಸೈಮನ್ ಸುಸಾನ್ ಎಂಬ ವ್ಯಾಪಾರಿಯ ಕೈಗೆ ಸಿಕ್ಕಿತು. ಅದರ ಕಳ್ಳ ಮುದ್ರಣ ಹೊರಬಿತ್ತು. ಗಾಯಕನ ಹೆಸರು ಎಡ್ಡಿ ಫಾಸ್ಟರ್ ಎಂದಿತ್ತು. ವಿಗನ್ ಆ ಸುಳ್ಳು ಹೆಸರಿಗೇ ಕುಣಿಯಿತು. ನಿಜ ಗೊತ್ತಾದ ಮೇಲೆ 1979ರಲ್ಲಿ ಬ್ರಿಟನ್ನಿನ ಟ್ಯಾಮ್ಲಾ ಮೋಟೌನ್ ಅದನ್ನು ಅಧಿಕೃತವಾಗಿ ಹೊರತಂದಿತು. ಯಾರು ಬೇಕಾದರೂ ಅಗ್ಗದಲ್ಲಿ ಕೊಳ್ಳಬಹುದಿತ್ತು. ಆದರೂ ಮೂಲ ಪ್ರತಿಯ ಬೆಲೆ ಇಳಿಯಲಿಲ್ಲ. ಅದು ಕೈಯಿಂದ ಕೈಗೆ ಏರುತ್ತ ಹೋಗಿ, 2009ರ ಹರಾಜಿನಲ್ಲಿ ಒಂದು ಪ್ರತಿ 25,742 ಪೌಂಡ್‌ಗೆ ಹೋಯಿತು.

ಈ ಮೊತ್ತ ಏತಕ್ಕೆ ಎಂದು ಕೇಳಿಕೊಂಡರೆ ಉತ್ತರ ಕಸಿವಿಸಿ ತರುತ್ತದೆ. ಹಾಡು ಚೆನ್ನಾಗಿದೆ ಎಂದಲ್ಲ. ಅಷ್ಟೇ ಚೆನ್ನಾದ ಮೋಟೌನ್ ಹಾಡುಗಳ ಲಕ್ಷಾಂತರ ಪ್ರತಿಗಳು ಹಳೆಯ ಅಂಗಡಿಗಳಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತವೆ. ಬೆಲೆ ಬಂದದ್ದು ಸೋಲಿಗೆ. ಎಷ್ಟು ಪೂರ್ತಿಯಾಗಿ ಸೋತಿತೋ ಅಷ್ಟು ಅಪರೂಪ, ಎಷ್ಟು ಅಪರೂಪವೋ ಅಷ್ಟು ದುಡ್ಡು. ಆ ದುಡ್ಡು ಸಂಗ್ರಾಹಕನಿಂದ ಸಂಗ್ರಾಹಕನಿಗೆ ಹೋಗುತ್ತದೆ.

ಹೀಗಲ್ಲದೆ ಬೇರೆ ರೀತಿಯೂ ಸಾಧ್ಯವಿತ್ತು ಎನ್ನುವುದಕ್ಕೆ ಅದೇ ಹೊತ್ತಿಗೆ ಅಟ್ಲಾಂಟಿಕ್‌ನ ಆಚೆ ದಡದಲ್ಲಿ ಸಾಕ್ಷಿಯಿತ್ತು. 1965ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಗ್ರೇಟ್‌ಫುಲ್ ಡೆಡ್ ಎಂಬ ರಾಕ್ ತಂಡ ಒಂದೇ ಹಾಡನ್ನು ಎರಡು ರಾತ್ರಿ ಒಂದೇ ರೀತಿ ನುಡಿಸಿದವರಲ್ಲ. ಹಾಗಾಗಿ ಅಭಿಮಾನಿಗಳಿಗೆ ರೆಕಾರ್ಡಿಗಿಂತ ಕಛೇರಿಯೇ ಮುಖ್ಯ. ಮೈಕ್ ಬಚ್ಚಿಟ್ಟುಕೊಂಡು ಹೋಗಿ ಟೇಪ್ ಮಾಡುತ್ತಿದ್ದರು. ತಂಡದವರು ಅಟ್ಟಿಸಿಕೊಂಡು ಹೋಗುವ ಬದಲು 1984ರಿಂದ ಟೇಪ್ ಮಾಡುವವರಿಗೆಂದೇ ಸಭಾಂಗಣದಲ್ಲಿ ಪ್ರತ್ಯೇಕ ಜಾಗ ಕೊಟ್ಟರು. ನುಡಿಸಿ ಮುಗಿದ ಮೇಲೆ ಅದು ಕೇಳುಗರದ್ದು ಎಂಬುದು ಜೆರ್ರಿ ಗಾರ್ಸಿಯಾ ಅವರ ನಿಲುವು. ಅಭಿಮಾನಿಗಳ ನಿಯಮ ಒಂದೇ: ಟೇಪ್ ಮಾರಕೂಡದು, ಬದಲಾಯಿಸಿಕೊಳ್ಳಬಹುದು. ಹೊಸಬನ ಹತ್ತಿರ ಬದಲಿಗೆ ಕೊಡಲು ಏನೂ ಇಲ್ಲವೇ? ಖಾಲಿ ಕ್ಯಾಸೆಟ್, ಅಂಚೆ ಖರ್ಚು ಕಳಿಸಿದರೆ ಸಾಕು. ಪ್ರತಿಯ ಪ್ರತಿಯ ಪ್ರತಿ ಆಗುತ್ತ ಸುಸ್ಸೆಂಬ ಸದ್ದು ಹೆಚ್ಚುತ್ತಿದ್ದುದರಿಂದ ಮೂಲಕ್ಕೆ ಹತ್ತಿರದ ಟೇಪಿಗೆ ಇಲ್ಲೂ ಮರ್ಯಾದೆ ಇತ್ತು. ಆದರೆ ಅದು ಬೆಲೆಯಾಗಲಿಲ್ಲ. 1977ರ ಮೇ 8ರಂದು ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ನಡೆದ ಕಛೇರಿ ಹೀಗೆ ಕೈಯಿಂದ ಕೈಗೆ ಹಬ್ಬಿ, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಕಾಪಿಡಬೇಕಾದ ಧ್ವನಿಮುದ್ರಣಗಳ ಪಟ್ಟಿಯನ್ನೂ ಸೇರಿತು. ಅಧಿಕೃತವಾಗಿ ಅದು ಅಂಗಡಿಗೆ ಬಂದದ್ದು 2017ರಲ್ಲಿ.

ಇವರದು ಉದಾರ, ಅವರದು ಕೃಪಣ ಎಂದು ತೀರ್ಪು ಕೊಟ್ಟುಬಿಡುವುದು ಸುಲಭ. ನ್ಯಾಯವಲ್ಲ. ಗ್ರೇಟ್‌ಫುಲ್ ಡೆಡ್ ಬದುಕಿದ್ದ ತಂಡ. ಟೇಪ್ ಹಂಚಿದಷ್ಟೂ ಟಿಕೆಟ್ ಮಾರಾಟವಾಗುತ್ತಿತ್ತು. ವಿಗನ್‌ನ ಡಿಜೆಗೆ ಇದ್ದದ್ದು ಒಂದೇ ತಟ್ಟೆ, ಅದೂ ತಿಂಗಳ ಸಂಬಳ ಸುರಿದು ತಂದದ್ದು. ಅಲ್ಲದೆ ಈ ಪೈಪೋಟಿ ಇರದಿದ್ದರೆ ಇಷ್ಟು ಹುಡುಕಾಟವೂ ನಡೆಯುತ್ತಿರಲಿಲ್ಲ. ಪಕ್ಕದವನಲ್ಲಿಲ್ಲದ್ದು ನನ್ನಲ್ಲಿರಬೇಕು ಎಂಬ ಹಟವೇ ಅವರನ್ನು ಫಿಲಡೆಲ್ಫಿಯಾದ ನೆಲಮಾಳಿಗೆಗಳಿಗೆ ಇಳಿಸಿದ್ದು. ಹಟ ಸಣ್ಣತನವೇ ಇರಬಹುದು, ಅದರಿಂದ ಉಳಿದ ಹಾಡುಗಳು ಮಾತ್ರ ಸಣ್ಣವಲ್ಲ.

ಹಟ ಎಂದಮೇಲೆ ಜಗಳವೂ ಇರಬೇಕಲ್ಲ. ಬ್ಲ್ಯಾಕ್‌ಪೂಲ್‌ನ ಲೆವೀನ್ ಮತ್ತು ಕಾಲಿನ್ ಕರ್ಟಿಸ್ 1970ರ ದಶಕದ ಹೊಸ ಸೋಲ್ ಹಾಡುಗಳನ್ನೂ ಹಾಕತೊಡಗಿದರು. ವಿಗನ್ 1960ರ ದಶಕದ ತಾಳವನ್ನೇ ಹಿಡಿದುಕೊಂಡಿತು. ಹಳೆಯದೇ ಶುದ್ಧ ಎನ್ನುವವರು, ಹಳತಿನಲ್ಲೇ ಕೂತರೆ ಕೊಳೆಯುತ್ತೀರಿ ಎನ್ನುವವರು ಎರಡು ಬಣವಾದರು. ವ್ಯಾಪಾರಿಗಳೂ ಸುಮ್ಮನಿರಲಿಲ್ಲ. 1975ರಲ್ಲಿ ‘ವಿಗನ್ಸ್ ಓವೇಶನ್’ ಎಂಬ ತಂಡ ಹಳೆಯ ಹಾಡೊಂದರ ನಕಲು ಮಾಡಿ ಟೀವಿಗೆ ಬಂದಾಗ ನಿಜವಾದ ಅಭಿಮಾನಿಗಳು ತಲೆ ತಗ್ಗಿಸಿದರು. ಕ್ಯಾಸಿನೊ 1981ರ ಡಿಸೆಂಬರ್‌ನಲ್ಲಿ ಮುಚ್ಚಿತು. ಆ ಕೊನೆಯ ರಾತ್ರಿ ಮಾತ್ರ ಕೊನೆಯ ತಟ್ಟೆ ಫ್ರ್ಯಾಂಕ್ ವಿಲ್ಸನ್ ಅವರದು. ಕಟ್ಟಡಕ್ಕೆ ಬೆಂಕಿ ಬಿದ್ದು, ಮುಂದೆ ಕೆಡವಿಯೂ ಆಯಿತು.

ಗಾಯಕರಿಗೆ ಏನು ಸಿಕ್ಕಿತು? ಕೆಲವರಿಗೆ ಎರಡನೆಯ ಬದುಕು. ಮೇಜರ್ ಲ್ಯಾನ್ಸ್ 1972ರಲ್ಲಿ ಟಾರ್ಚ್ ಕ್ಲಬ್ಬಿನಲ್ಲಿ ಹಾಡಿದ್ದು ರೆಕಾರ್ಡಾಗಿ ಬಂತು. ಕೆಲಕಾಲ ಅವರು ಇಂಗ್ಲೆಂಡಿನಲ್ಲೇ ನೆಲೆಸಿದರು. ಎಡ್ವಿನ್ ಸ್ಟಾರ್ ನಾಟಿಂಗ್‌ಹ್ಯಾಮ್ ಬಳಿ ಮನೆ ಮಾಡಿಕೊಂಡು 2003ರಲ್ಲಿ ಅಲ್ಲೇ ತೀರಿಕೊಂಡರು. ಮೋಟೌನ್‌ಗೆ ಹಾಡಿದ ಕೆನಡಾದ ಬಿಳಿ ಗಾಯಕ ಆರ್. ಡೀನ್ ಟೇಲರ್ ಅವರ 1967ರ ಹಾಡೊಂದು ಈ ಕ್ಲಬ್ಬುಗಳಿಂದಾಗಿ 1974ರಲ್ಲಿ ಬ್ರಿಟನ್ನಿನ ಪಟ್ಟಿಯಲ್ಲಿ ಮೂರನೆಯ ಸ್ಥಾನಕ್ಕೆ ಏರಿತು. ಆದರೆ ಕಳ್ಳ ಮುದ್ರಣಗಳ ಕಾಲದಲ್ಲಿ ಬಹುಪಾಲು ಗಾಯಕರಿಗೆ ತಮ್ಮ ಹಾಡಿಗೆ ಎಲ್ಲೋ ಜನ ಕುಣಿಯುತ್ತಿದ್ದಾರೆ ಎಂಬ ಸುದ್ದಿಯೂ ತಲುಪಲಿಲ್ಲ. ಕಪ್ಪು ಮುಷ್ಟಿಯ ಬ್ಯಾಡ್ಜ್ ಧರಿಸಿದವರು ಕಪ್ಪು ಗಾಯಕನಿಗೆ ಸಲ್ಲಬೇಕಾದ ಕಾಸಿನ ವಿಚಾರಕ್ಕೆ ಬಂದಾಗ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ ಎಂಬ ಮಾತು ಕಹಿಯಾದರೂ ಹೇಳಲೇಬೇಕು.

ಅದನ್ನು ತಿದ್ದಲು ಹೊರಟವರೂ ಅಭಿಮಾನಿಗಳೇ. ಲಂಡನ್ನಿನ ಆಕ್ಸ್‌ಫರ್ಡ್ ಸ್ಟ್ರೀಟಿನ 100 ಕ್ಲಬ್ಬಿನಲ್ಲಿ ಬೆಳಗಿನತನಕದ ಸೋಲ್ ರಾತ್ರಿಗಳನ್ನು ನಡೆಸುತ್ತ ಬಂದ ಏಡಿ ಕ್ರೋಸ್‌ಡೆಲ್ 1982ರಲ್ಲಿ ಶುರುವಾದ ಕೆಂಟ್ ಎಂಬ ಮರುಮುದ್ರಣ ಲೇಬಲ್‌ನ ಹಿಂದಿದ್ದವರು. ಹಕ್ಕುದಾರರನ್ನು ಹುಡುಕಿ, ಒಪ್ಪಂದ ಮಾಡಿಕೊಂಡು, ಗಾಯಕರ ಕಥೆಯನ್ನು ರೆಕಾರ್ಡಿನ ಕವಚದಲ್ಲಿ ಬರೆದು ಹೊರತರುವುದು ಅವರ ಕ್ರಮ. ಅಪರೂಪದ ಹಾಡುಗಳ ಒಂದು ಸಂಗ್ರಹಕ್ಕೆ ಅವರಿಟ್ಟ ಹೆಸರು ‘ಕೋಟ್ಯಧಿಪತಿಗಳಿಗೆ ಮಾತ್ರ’ ಎಂಬರ್ಥದ್ದು. ಮೂಲ ತಟ್ಟೆಗಳನ್ನು ಕೊಳ್ಳಬಲ್ಲವರು ಕೋಟ್ಯಧಿಪತಿಗಳೇ ತಾನೆ! ಡೇವ್ ಗೋಡಿನ್ ಕೂಡ 1997ರಿಂದ ಇದೇ ಲೇಬಲ್‌ಗೆ ತಮ್ಮ ಮೆಚ್ಚಿನ, ಕುಣಿಸದ, ಎದೆ ಹಿಂಡುವ ನಿಧಾನದ ಸೋಲ್ ಹಾಡುಗಳನ್ನು ಸಂಪುಟ ಸಂಪುಟವಾಗಿ ಆರಿಸಿಕೊಟ್ಟರು. 2004ರಲ್ಲಿ ತೀರಿಕೊಂಡರು. ಮೋಟೌನ್‌ನ ಉಗ್ರಾಣದಲ್ಲಿ ಬಿಡುಗಡೆಯೇ ಆಗದೆ ಕೂತಿದ್ದ ಹಾಡುಗಳನ್ನು 2002ರಲ್ಲಿ ‘ಎ ಸೆಲ್ಲಾರ್‌ಫುಲ್ ಆಫ್ ಮೋಟೌನ್’ ಎಂದು ಹೊರತಂದದ್ದೂ ಬ್ರಿಟನ್ನಿನಲ್ಲೇ, ಇದೇ ಕೇಳುಗರಿಗಾಗಿ.

ಇಂದಿಗೂ ಉತ್ತರ ಇಂಗ್ಲೆಂಡಿನಲ್ಲಿ ಇಂಥ ರಾತ್ರಿಗಳು ನಡೆಯುತ್ತವೆ. ಅರವತ್ತು ದಾಟಿದವರು ಹಳೆಯ ಚರ್ಮದ ಶೂ ತೊಟ್ಟು, ಪೌಡರ್ ಚೆಲ್ಲಿ ಜಾರುತ್ತಾರೆ, ಇಪ್ಪತ್ತರ ಹುಡುಗಿಯರೂ ಬರುತ್ತಾರೆ. ಅಲ್ಲಿ ಇಂದಿಗೂ ಮುಗಿಯದ ಒಂದು ಜಗಳವಿದೆ. ಡಿಜೆಗಳು 1960ರ ದಶಕದ ಮೂಲ ತಟ್ಟೆಯನ್ನೇ ಹಾಕಬೇಕು, ಮರುಮುದ್ರಣ ಸಲ್ಲದು ಎಂದು ಎಷ್ಟೋ ಕಡೆ ಕಟ್ಟುನಿಟ್ಟು. ಮೂಲದ ಪಕ್ಷದವರ ವಾದ ಅರ್ಥವಾಗುತ್ತದೆ. ಹುಡುಕಿದವನ ಶ್ರಮಕ್ಕೆ ಬೆಲೆ ಬೇಡವೇ ಎನ್ನುತ್ತಾರೆ. ನನ್ನ ಓಟು ಮರುಮುದ್ರಣಕ್ಕೆ. ಮೂಲ ತಟ್ಟೆ ಹರಾಜಿನಲ್ಲಿ ಎಷ್ಟೇ ಸಾವಿರ ಪೌಂಡಿಗೆ ಹೋದರೂ ಹಾಡಿದವರ ಮನೆಗೆ ಅದರಲ್ಲಿ ಒಂದು ಪೆನ್ನಿಯೂ ಸೇರುವುದಿಲ್ಲ. ಒಪ್ಪಂದ ಮಾಡಿಕೊಂಡು ಒತ್ತಿದ ಹತ್ತು ಪೌಂಡಿನ ತಟ್ಟೆಯಲ್ಲಿ, ಕಡಿಮೆಯೇ ಇರಬಹುದು, ಅವರಿಗೊಂದು ಪಾಲಿರುತ್ತದೆ, ಲೇಬಲ್ ಮೇಲೆ ಅವರದೇ ಹೆಸರೂ ಇರುತ್ತದೆ.